ಉರಿದ ಯುರೇನಿಯಂನ ಲೆಕ್ಕ: ಅಣು ತ್ಯಾಜ್ಯದಿಂದ ಲೋಹ ತೆಗೆಯೋದು ಹೇಗೆ?

(ಆಡಿಯೋ ಸಂಚಿಕೆಯ ಬರಹ ರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ಮಾತನ್ನು ತಿದ್ದಲಾಗಿದೆ.)

ಹನೂರು ತಾಲ್ಲೂಕಿನ ರಾಮಾಪುರದಿಂದ ಮಾತಾಡ್ತಾ ಇದ್ದೀನಿ. ಹೊಸಬರು ಯಾರಾದ್ರೂ ಇದ್ದರೆ ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ: ನಾನು ಓದಿದ್ದು ಬಿ.ಕಾಂ. ಹಾಗಾಗಿ ಇವತ್ತಿನ ಕೆಮಿಸ್ಟ್ರಿಯೂ ಒಂದು ಲೆಕ್ಕದ ಪುಸ್ತಕದ ಥರವೇ ಕೇಳಿಸುತ್ತೆ. ಅಡ್ಜಸ್ಟ್ ಮಾಡ್ಕೊಳ್ಳಿ.

ಕೈಗಾ ಬಗ್ಗೆ ಮಾಡಿದ ಸಂಚಿಕೆ ಆದ ಮೇಲೆ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣ, ಅಣು ವೇಸ್ಟ್‌ನಲ್ಲಿ ಚಿನ್ನಕ್ಕಿಂತ ದುಬಾರಿ ಮೆಟಲ್ ಇರ್ತದಂತೆ, ಆಸಿಡ್ ಹಾಕಿ ತೆಗೀತಾರಂತೆ. ನಿಜವಾ? ಎಲ್ಲಾ ತೆಗೆದುಬುಟ್ರೆ ವೇಸ್ಟೇ ಇರಲ್ಲ ಅಲ್ವಾ?" ಮೊದಲ ಪ್ರಶ್ನೆಗೆ ಉತ್ತರ: ಬಹುಮಟ್ಟಿಗೆ ನಿಜ. ಎರಡನೇದಕ್ಕೆ ಉತ್ತರ: ಇಲ್ಲ. ಈ ಎರಡು ಉತ್ತರಗಳ ನಡುವೆ ಇರೋದೇ ಇವತ್ತಿನ ವಿಷಯ.

ಕೈಗಾದಿಂದಲೇ ಶುರು ಮಾಡೋಣ. ಉತ್ತರ ಕನ್ನಡದ ಕಾಳಿ ನದಿ ದಂಡೆಯಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ರಿಯಾಕ್ಟರ್ ಇವೆ. ಅದರಲ್ಲಿ ಮೊದಲನೇ ಘಟಕ 2018ರ ಡಿಸೆಂಬರ್ 31ಕ್ಕೆ ಸತತ 962 ದಿನ ನಿಲ್ಲದೆ ಓಡಿದ ದಾಖಲೆ ಮಾಡ್ತು. ಪೇಪರ್‌ಗಳಲ್ಲಿ ದೊಡ್ಡದಾಗಿ ಬಂದಿತ್ತು. ಅಷ್ಟು ದಿನ ಓಡಬೇಕು ಅಂದರೆ ಇಂಧನವನ್ನ ಓಡುತ್ತಿರುವಾಗಲೇ ಬದಲಾಯಿಸ್ತಾ ಇರಬೇಕು. ಹಾಗೆ ಮಾಡೋಕೆ ಆಗುವ ವಿನ್ಯಾಸ ಇದು. ಒಂದು ಕಡೆಯಿಂದ ಹೊಸ ಇಂಧನ ತಳ್ಳಿದರೆ ಇನ್ನೊಂದು ಕಡೆಯಿಂದ ಉರಿದದ್ದು ಹೊರಗೆ ಬರುತ್ತೆ.

ಆ ಇಂಧನ ನೋಡೋಕೆ ಹೇಗಿರುತ್ತೆ? ಅರ್ಧ ಮೀಟರ್ ಉದ್ದದ 19 ಲೋಹದ ಕಡ್ಡಿಗಳನ್ನ ಒಂದು ಕಟ್ಟು ಕಟ್ಟಿದ ಹಾಗೆ. ಕಡ್ಡಿಯ ಕೊಳವೆ ಜಿರ್ಕೋನಿಯಂ ಮಿಶ್ರಲೋಹದ್ದು, ಒಳಗೆ ಯುರೇನಿಯಂ ಆಕ್ಸೈಡ್‌ನ ಗುಳಿಗೆಗಳು. ಒಂದು ಕಟ್ಟಿನಲ್ಲಿ ಸುಮಾರು 15 ಕೆಜಿ. ಒಂದು ರಿಯಾಕ್ಟರ್‌ನಲ್ಲಿ 306 ಕೊಳವೆ, ಪ್ರತಿ ಕೊಳವೆಯಲ್ಲಿ 12 ಕಟ್ಟು. ಗುಣಿಸಿದರೆ 3672 ಕಟ್ಟು, ತೂಕ 50 ಟನ್ ದಾಟುತ್ತೆ.

ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ. ಡಿಗ್ರಿಯಲ್ಲಿ ಪ್ರೊಸೆಸ್ ಕಾಸ್ಟಿಂಗ್ ಓದಿದವರಿಗೆ ನೆನಪಿರುತ್ತೆ. ಎಡಗಡೆ ಒಳಗೆ ಹೋದದ್ದು, ಬಲಗಡೆ ಹೊರಗೆ ಬಂದದ್ದು. ಮುಖ್ಯ ಉತ್ಪನ್ನ, ಉಪ ಉತ್ಪನ್ನ, ಸ್ಕ್ರ್ಯಾಪ್, ನಷ್ಟ, ಎಲ್ಲ ಬರೆದು ಎರಡೂ ಕಡೆ ಟ್ಯಾಲಿ ಆಗಬೇಕು. ಕೈಗಾದಂಥ ರಿಯಾಕ್ಟರ್‌ನಿಂದ ಹೊರಬಂದ ಒಂದು ಟನ್ ಉರಿದ ಇಂಧನ ತಗೊಳ್ಳಿ. ಅದರಲ್ಲಿ ಸುಮಾರು 989 ಕೆಜಿ ಇನ್ನೂ ಯುರೇನಿಯಮ್ಮೇ. ಮೂರೂವರೆಯಿಂದ ನಾಲ್ಕು ಕೆಜಿ ಪ್ಲುಟೋನಿಯಂ. ಇದು ಗಣಿಯಿಂದ ಬಂದದ್ದಲ್ಲ, ಯುರೇನಿಯಂ ನ್ಯೂಟ್ರಾನ್ ನುಂಗಿ ರಿಯಾಕ್ಟರ್ ಒಳಗೇ ಹುಟ್ಟಿದ್ದು. ಉಳಿದ ಸುಮಾರು 7 ಕೆಜಿ, ಯುರೇನಿಯಂ ಪರಮಾಣು ಒಡೆದಾಗ ಆದ ಚೂರುಗಳು: ಸೀಸಿಯಂ, ಸ್ಟ್ರಾನ್ಷಿಯಂ, ಅಯೋಡಿನ್, ರುಥೇನಿಯಂ, ಪಲ್ಲಾಡಿಯಂ, ಹೀಗೆ ಹತ್ತಾರು.

ಅಂದರೆ "ತ್ಯಾಜ್ಯ" ಅಂತ ಕರೆಯೋದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೊದಲಿನ ಮಾಲೇ. ಆದರೆ ಆ 7 ಕೆಜಿ ಇದೆಯಲ್ಲ, ರಿಯಾಕ್ಟರ್‌ನಿಂದ ಈಚೆ ಬಂದ ಹೊಸದರಲ್ಲಿ ಬಹುಪಾಲು ವಿಕಿರಣ, ಬಹುಪಾಲು ಶಾಖ ಅದರದ್ದೇ. ಹೊಸ ಕಟ್ಟನ್ನ ಕೈಗೆ ಗ್ಲೌಸ್ ಹಾಕ್ಕೊಂಡು ಮುಟ್ಟಬಹುದು. ಉರಿದ ಕಟ್ಟಿನ ಹತ್ತಿರ ಅಡ್ಡ ಏನೂ ಇಲ್ಲದೆ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಜೀವಕ್ಕೆ ಅಪಾಯ. ಅದಕ್ಕೇ ಮೊದಲು ಕೆಲವು ವರ್ಷ ನೀರಿನ ಕೊಳದಲ್ಲಿ ಮುಳುಗಿಸಿ ಇಡ್ತಾರೆ, ತಣ್ಣಗಾಗಲಿ ಅಂತ.

ಕೈಗಾದಲ್ಲಿ ಮುಂದಿನ ಕೆಲಸದ ಕಾರ್ಖಾನೆ ಇಲ್ಲ. ಅಂಥವು ಇರೋದು ಮುಂಬೈನ ಟ್ರಾಂಬೆ, ಮಹಾರಾಷ್ಟ್ರದ ತಾರಾಪುರ, ಮತ್ತೆ ತಮಿಳುನಾಡಿನ ಕಲ್ಪಾಕ್ಕಂನಲ್ಲಿ. ಮೊದಲನೆಯದು ಟ್ರಾಂಬೆಯಲ್ಲಿ 1964ರಲ್ಲಿ ಶುರುವಾಯ್ತು. ಹೋಮಿ ಸೇಠನಾ ಅವರ ನೇತೃತ್ವದಲ್ಲಿ ಕಟ್ಟಿದ್ದು. ಅಷ್ಟು ಬೇಗ ಈ ವಿದ್ಯೆ ಕಲಿತ ದೇಶಗಳು ಕಡಿಮೆ.

ಸರಿ, ಆಸಿಡ್ ಹಾಕಿ ತೆಗೆಯೋದು ಹೇಗೆ?

ಅಕ್ಕಸಾಲಿಗರ ಅಂಗಡಿ ನೋಡಿರ್ತೀರಿ. ಬೆಳ್ಳಿ ಬೆರೆತ ಚಿನ್ನವನ್ನ ನೈಟ್ರಿಕ್ ಆಸಿಡ್‌ನಲ್ಲಿ ಕಾಯಿಸಿದರೆ ಬೆಳ್ಳಿ ಕರಗುತ್ತೆ, ಚಿನ್ನ ಕರಗಲ್ಲ. ಇಲ್ಲೂ ಮೊದಲ ಹೆಜ್ಜೆ ಅದೇ ಆಸಿಡ್. ಉರಿದ ಕಡ್ಡಿಗಳನ್ನ ಚಿಕ್ಕ ಚಿಕ್ಕ ತುಂಡು ಮಾಡಿ ಬಿಸಿ ನೈಟ್ರಿಕ್ ಆಸಿಡ್‌ಗೆ ಹಾಕ್ತಾರೆ. ಒಳಗಿನ ಗುಳಿಗೆ ಪೂರ್ತಿ ಕರಗುತ್ತೆ. ಜಿರ್ಕೋನಿಯಂ ಕೊಳವೆ ಕರಗದೆ ಸಿಪ್ಪೆಯ ಹಾಗೆ ಉಳಿಯುತ್ತೆ. ಆ ಸಿಪ್ಪೆಯೂ ವಿಕಿರಣ ಸೂಸುತ್ತೆ, ಅದನ್ನೂ ಬೇರೆ ಇಡಬೇಕು. ಕಂದು ಹೊಗೆ ಏಳುತ್ತೆ, ಕ್ರಿಪ್ಟಾನ್, ಅಯೋಡಿನ್ ಅನಿಲಗಳು ಹೊರಡ್ತವೆ. ಅಯೋಡಿನ್ ಹಿಡಿದಿಡೋಕೆ ಬೇರೆ ವ್ಯವಸ್ಥೆ ಇರುತ್ತೆ. ಇದೆಲ್ಲ ಮೀಟರ್‌ಗಿಂತ ದಪ್ಪದ ಕಾಂಕ್ರೀಟ್ ಗೋಡೆಯ ಆಚೆ. ಮನುಷ್ಯರು ಸೀಸ ಬೆರೆತ ದಪ್ಪ ಗಾಜಿನ ಕಿಟಕಿಯಿಂದ ನೋಡ್ತಾ, ಯಂತ್ರದ ಕೈ ಆಡಿಸ್ತಾ ಕೆಲಸ ಮಾಡ್ತಾರೆ.

ಈಗ ಎಲ್ಲಾ ಸೇರಿದ ಒಂದು ಆಸಿಡ್ ಸಾರು ಸಿಕ್ಕಿತು. ಯುರೇನಿಯಂ, ಪ್ಲುಟೋನಿಯಂ, ಆ ಹತ್ತಾರು ಚೂರುಗಳು, ಎಲ್ಲ ಅದರೊಳಗೆ. ಬೇರೆ ಮಾಡೋ ಉಪಾಯ ನಮ್ಮ ಅಡುಗೆ ಮನೆಗೆ ಹತ್ತಿರದ್ದು. ಎಣ್ಣೆ ಮತ್ತು ನೀರು ಬೆರೆಯಲ್ಲ. ಬಾಟಲಿಯಲ್ಲಿ ಹಾಕಿ ಅಲ್ಲಾಡಿಸಿ ಇಟ್ಟರೆ ಮತ್ತೆ ಎರಡು ಪದರ ಆಗುತ್ತೆ. ಕೆಲವು ಪದಾರ್ಥ ಎಣ್ಣೆ ಕಡೆ ಓಡ್ತವೆ, ಕೆಲವು ನೀರಿನ ಕಡೆಯೇ ಉಳೀತವೆ. ಇಲ್ಲಿ ಎಣ್ಣೆಯ ಜಾಗದಲ್ಲಿ ಡೋಡೆಕೇನ್ ಅನ್ನೋ, ಸೀಮೆಎಣ್ಣೆಯ ಜಾತಿಯ ದ್ರವ. ಅದರಲ್ಲಿ ನೂರಕ್ಕೆ 30 ಪಾಲು ಟ್ರೈಬ್ಯುಟೈಲ್ ಫಾಸ್ಫೇಟ್. ಚಿಕ್ಕದಾಗಿ ಟಿಬಿಪಿ. ಯುರೇನಿಯಂ ಮತ್ತು ಪ್ಲುಟೋನಿಯಂನ ನೈಟ್ರೇಟ್‌ಗಳನ್ನ ಈ ಟಿಬಿಪಿ ಹಿಡ್ಕೊಂಡು ಎಣ್ಣೆ ಪದರಕ್ಕೆ ಎಳೆಯುತ್ತೆ. ಸೀಸಿಯಂ, ಸ್ಟ್ರಾನ್ಷಿಯಂ ಇತ್ಯಾದಿ ಆಸಿಡ್ ನೀರಿನಲ್ಲೇ ಉಳೀತವೆ.

ಒಂದೇ ಸಲಕ್ಕೆ ಪೂರ್ತಿ ಆಗಲ್ಲ. ಬಟ್ಟೆಯ ಸೋಪು ಬಿಡಿಸೋದು ಹೇಗೆ? ಒಂದೇ ಸಲ ದೊಡ್ಡ ಡ್ರಮ್ ನೀರಲ್ಲಿ ಅದ್ದೋದಕ್ಕಿಂತ ಅದೇ ನೀರನ್ನ ಐದು ಬಕೆಟ್ ಮಾಡಿ ಐದು ಸಲ ಜಾಲಿಸಿದರೆ ಚೆನ್ನಾಗಿ ಹೋಗುತ್ತೆ. ಇಲ್ಲೂ ಅದೇ ಲೆಕ್ಕ. ಎಣ್ಣೆ ಒಂದು ಕಡೆಯಿಂದ, ಆಸಿಡ್ ಎದುರು ಕಡೆಯಿಂದ ಹರಿಸಿ ಮತ್ತೆ ಮತ್ತೆ ಬೆರೆಸಿ ಬೇರೆ ಮಾಡ್ತಾರೆ. ಕೊನೆಗೆ ಸಿಗೋ ಯುರೇನಿಯಂನಲ್ಲಿ ಆ ಚೂರುಗಳ ವಿಕಿರಣ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಇಳಿದಿರುತ್ತೆ.

ನನಗೆ ತುಂಬ ಇಷ್ಟ ಆದ ಹೆಜ್ಜೆ ಮುಂದಿನದು. ಎಣ್ಣೆಯೊಳಗೆ ಈಗ ಯುರೇನಿಯಂ, ಪ್ಲುಟೋನಿಯಂ ಎರಡೂ ಜೊತೆಗಿವೆ. ಅವನ್ನ ಅಗಲಿಸೋದು ಹೇಗೆ? ಪ್ಲುಟೋನಿಯಂಗೆ ಒಂದು ಗುಣ ಇದೆ, ಅದು ಸುಲಭವಾಗಿ ವೇಷ ಬದಲಾಯಿಸುತ್ತೆ. ನಾಲ್ಕು ಧನ ವಿದ್ಯುದಂಶ ಇರುವಾಗ ಎಣ್ಣೆಯಲ್ಲಿ ಆರಾಮಾಗಿ ಇರುತ್ತೆ. ಅದಕ್ಕೆ ಒಂದು ಎಲೆಕ್ಟ್ರಾನ್ ಕೊಟ್ಟು ಮೂರಕ್ಕೆ ಇಳಿಸಿದರೆ ಎಣ್ಣೆ ಬಿಟ್ಟು ನೀರಿಗೆ ಹಾರುತ್ತೆ. ಯುರೇನಿಯಂ ಅಲ್ಲಾಡಲ್ಲ. ಆ ಎಲೆಕ್ಟ್ರಾನ್ ಕೊಡೋಕೆ ಯುರೇನಸ್ ನೈಟ್ರೇಟ್‌ನಂಥ ರಾಸಾಯನಿಕ ಬಳಸ್ತಾರೆ. ಪ್ಲುಟೋನಿಯಂ ಇಳಿದ ಆ ನೀರು ನೀಲಿ ಬಣ್ಣಕ್ಕೆ ತಿರುಗುತ್ತೆ. ಎಣ್ಣೆಯಲ್ಲಿ ಉಳಿದ ಯುರೇನಿಯಂ ಹಳದಿ. ಅದನ್ನ ತೆಳು ಆಸಿಡ್‌ನಲ್ಲಿ ತೊಳೆದು ಇಳಿಸ್ತಾರೆ. ಪ್ಲುಟೋನಿಯಂನ ಆಕ್ಸಲೇಟ್ ಮಾಡಿ ಕೆಳಗೆ ಕೂರಿಸಿ, ಸುಟ್ಟು, ಆಕ್ಸೈಡ್ ಪುಡಿ ಮಾಡ್ತಾರೆ. ಈ ಇಡೀ ವಿಧಾನದ ಹೆಸರು ಪ್ಯುರೆಕ್ಸ್. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ರೂಪುಗೊಂಡಿದ್ದು, ಇವತ್ತಿಗೂ ಪ್ರಪಂಚದ ಮುಖ್ಯ ವಿಧಾನ ಇದೇ.

ಅಮೆರಿಕ ಯಾಕೆ ಮಾಡ್ತು ಅಂತ ಊಹಿಸಬಹುದು. ಬಾಂಬಿಗೆ. ನಮ್ಮಲ್ಲೂ ಆ ಕಥೆ ಇದೆ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿಸಿದ ಸಾಧನದ ಪ್ಲುಟೋನಿಯಂ ಟ್ರಾಂಬೆಯ ಸೈರಸ್ ರಿಯಾಕ್ಟರ್‌ನ ಇಂಧನದಿಂದ ಬೇರ್ಪಡಿಸಿದ್ದು. ಆ ತಂಡದ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಅದೇ ಪ್ಲುಟೋನಿಯಂ ಕಲ್ಪಾಕ್ಕಂನ 500 ಮೆಗಾವಾಟ್ ಬ್ರೀಡರ್ ರಿಯಾಕ್ಟರ್‌ಗೆ ಇಂಧನ ಕೂಡ. ನಮ್ಮ ದೇಶದಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಜಾಸ್ತಿ. ಥೋರಿಯಂ ಹಂತ ಮುಟ್ಟಬೇಕು ಅಂದರೆ ಮೊದಲು ಪ್ಲುಟೋನಿಯಂ ಕೂಡಿಡಬೇಕು ಅನ್ನೋದು ಹೋಮಿ ಭಾಭಾ ಹಾಕಿದ ಯೋಜನೆ.

ಒಂದು ಕಾರ್ಖಾನೆ, ಒಂದು ಪುಡಿ, ಎರಡು ದಾರಿ. ಅದಕ್ಕೇ ಇಲ್ಲಿ ಲೆಕ್ಕ ಅನ್ನೋದು ಬರೀ ಲಾಭ ನಷ್ಟದ ವಿಷಯ ಅಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 8 ಕೆಜಿ ಪ್ಲುಟೋನಿಯಂ ಅನ್ನ ಒಂದು ಬಾಂಬಿನ ಅಳತೆಯಾಗಿ ಇಟ್ಕೊಂಡಿದೆ. ನಮ್ಮ ಮೇಲಿನ ಲೆಕ್ಕದ ಪ್ರಕಾರ ಎರಡು ಚಿಲ್ಲರೆ ಟನ್ ಉರಿದ ಇಂಧನದಲ್ಲಿ ಅಷ್ಟಿದೆ. ಈ ಉದ್ಯಮದಲ್ಲಿ ಒಂದು ಕಾಲಂ ಇದೆ, "ಮೆಟೀರಿಯಲ್ ಅನ್‌ಅಕೌಂಟೆಡ್ ಫಾರ್" ಅಂತ, ಅಂದರೆ ಲೆಕ್ಕಕ್ಕೆ ಸಿಗದ ಮಾಲು. ನಮ್ಮ ಭಾಷೆಯಲ್ಲಿ ಅಬ್ನಾರ್ಮಲ್ ಲಾಸ್.

ಆ ಕಾಲಂನ ಬೆಲೆ ಏನು ಅಂತ ತೋರಿಸಿದ್ದು ಇಂಗ್ಲೆಂಡಿನ ಸೆಲ್ಲಾಫೀಲ್ಡ್. ಅಲ್ಲಿನ ಥಾರ್ಪ್ ಅನ್ನೋ ಕಾರ್ಖಾನೆಯಲ್ಲಿ 2005ರ ಏಪ್ರಿಲ್‌ನಲ್ಲಿ ಒಂದು ಪೈಪ್ ಮುರಿದಿರೋದು ಗೊತ್ತಾಯ್ತು. ಸುಮಾರು 83,000 ಲೀಟರ್ ಆಸಿಡ್ ದ್ರಾವಣ ಕೆಳಗೆ ಹರಿದಿತ್ತು. ಅದರಲ್ಲಿ 20 ಟನ್‌ನಷ್ಟು ಯುರೇನಿಯಂ, 160 ಕೆಜಿಯಷ್ಟು ಪ್ಲುಟೋನಿಯಂ. ಸೋರಿಕೆ ಶುರುವಾಗಿ ಎಂಟು ತಿಂಗಳಷ್ಟು ಆಗಿತ್ತು. ಅಳತೆಯ ಸೂಚನೆಗಳು ಇದ್ದರೂ ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ಕೊನೆಗೆ ಕ್ಯಾಮೆರಾ ಇಳಿಸಿ ನೋಡುವಂತೆ ಮಾಡಿದ್ದು ಒಳಗೆ ಹೋದ ಲೆಕ್ಕಕ್ಕೂ ಟ್ಯಾಂಕ್‌ನಲ್ಲಿ ಅಳೆದ ಲೆಕ್ಕಕ್ಕೂ ಬಂದ ವ್ಯತ್ಯಾಸ. ದ್ರಾವಣ ಉಕ್ಕಿನ ಹೊದಿಕೆ ಇದ್ದ ಕೋಣೆಯೊಳಗೇ ನಿಂತಿತ್ತು, ಯಾರಿಗೂ ಏನೂ ಆಗಲಿಲ್ಲ. ಕಂಪನಿಗೆ 5 ಲಕ್ಷ ಪೌಂಡ್ ದಂಡ ಬಿತ್ತು. ಕಾಮರ್ಸ್ ಓದಿದವರನ್ನ ಸೈನ್ಸ್‌ನವರು ಸ್ವಲ್ಪ ಕೀಳಾಗಿ ನೋಡ್ತಾರಲ್ಲ, ಅವರಿಗೆ ಈ ಕಥೆ ಹೇಳಿ.

ನಮ್ಮ ದೇಶದ ಲೆಕ್ಕ? 2008ರ ಅಣು ಒಪ್ಪಂದದ ಸಮಯದಲ್ಲಿ 14 ರಿಯಾಕ್ಟರ್‌ಗಳನ್ನ ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸೋದು ಅಂತ ಆಯ್ತು. ಕೈಗಾದ ನಾಲ್ಕು ಘಟಕ ಆ ಪಟ್ಟಿಯಲ್ಲಿಲ್ಲ. ಅಂದರೆ ಅಲ್ಲಿಂದ ಹೊರಬರುವ ಇಂಧನದ ಪುಸ್ತಕವನ್ನ ಹೊರಗಿನ ಆಡಿಟರ್ ನೋಡಲ್ಲ, ನಮ್ಮದೇ ಇಲಾಖೆ ನೋಡುತ್ತೆ. ಇದಕ್ಕೆ ದೇಶದ ಭದ್ರತೆಯ ಕಾರಣ ಇದೆ ಅನ್ನೋದು ಸರ್ಕಾರದ ವಾದ. ಅರ್ಥ ಆಗುತ್ತೆ. ಆದರೂ ಸ್ವಂತ ಆಡಿಟ್ ಅನ್ನೋದರ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಕಾಲೇಜಿನಲ್ಲಿ ಕಲಿಸಿದ್ದೇ ಅದು.

ಈಗ ಆ 7 ಕೆಜಿಗೆ ಬರೋಣ. ಇಲ್ಲಿಯವರೆಗೆ ಅದನ್ನ "ಉಳಿದದ್ದು" ಅಂತ ಪಕ್ಕಕ್ಕೆ ತಳ್ಳಿದ್ವಿ. ಅದರೊಳಗೂ ಕೆಲಸಕ್ಕೆ ಬರೋದು ಇದೆ.

ಮುಖ್ಯವಾಗಿ ಸೀಸಿಯಂ-137. ಅರ್ಧಾಯುಷ್ಯ 30 ವರ್ಷ, ಅಂದರೆ 30 ವರ್ಷಕ್ಕೆ ವಿಕಿರಣ ಅರ್ಧಕ್ಕೆ ಇಳಿಯುತ್ತೆ. ಅದರಿಂದ ಜೋರಾದ ಗಾಮಾ ಕಿರಣ ಬರುತ್ತೆ. ಇದರ ಅವಶ್ಯಕತೆ ಯಾರಿಗೆ? ಬ್ಲಡ್ ಬ್ಯಾಂಕ್‌ಗೆ. ನಮ್ಮ ಕಡೆ ಯಾರಿಗಾದ್ರೂ ರಕ್ತ ಬೇಕು ಅಂದರೆ ಮೊದಲು ಓಡೋದು ಅಣ್ಣ, ತಮ್ಮ, ಮಗ. ಒಳ್ಳೆ ಮನಸ್ಸೇ. ಆದರೆ ಹತ್ತಿರದ ರಕ್ತಸಂಬಂಧಿಗಳ ರಕ್ತದಲ್ಲಿ ಒಂದು ಅಪರೂಪದ ಅಪಾಯ ಇದೆ. ಕೊಟ್ಟವರ ಬಿಳಿ ರಕ್ತಕಣಗಳು ಪಡೆದವರ ದೇಹಕ್ಕೆ ಪೂರ್ತಿ ಪರಕೀಯ ಅಂತ ಕಾಣಲ್ಲ, ಹಾಗಾಗಿ ದೇಹ ಅವನ್ನ ಹೊಡೆದು ಹಾಕಲ್ಲ. ಅವು ಅಲ್ಲೇ ಬೆಳೆದು ಪಡೆದವರ ಮೇಲೆಯೇ ತಿರುಗಿ ಬೀಳಬಹುದು. ಆದರೆ ಬಹುತೇಕ ಸಾವೇ. ಅಸ್ಥಿಮಜ್ಜೆ ಕಸಿ ಆದವರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೂ ಇದೇ ಅಪಾಯ. ತಡೆಯೋ ದಾರಿ ಅಂದರೆ ರಕ್ತದ ಚೀಲಕ್ಕೆ ಸುಮಾರು 25 ಗ್ರೇ ಪ್ರಮಾಣದ ವಿಕಿರಣ ಹಾಯಿಸೋದು. ಬಿಳಿ ಕಣಗಳು ಬೆಳೆಯೋ ಶಕ್ತಿ ಕಳ್ಕೊಳ್ತವೆ, ಕೆಂಪು ಕಣಗಳು ಕೆಲಸಕ್ಕೆ ಬರೋ ಹಾಗೇ ಇರ್ತವೆ. ರಕ್ತ ವಿಕಿರಣಗೊಳ್ಳಲ್ಲ, ಎಕ್ಸ್‌ರೇ ತೆಗೆಸಿಕೊಂಡವರು ವಿಕಿರಣ ಸೂಸದ ಹಾಗೆ. ಅದಕ್ಕೇ ಮನೆಯವರದ್ದೇ ರಕ್ತ ಕೊಡೋ ಸಂದರ್ಭ ಬಂದರೆ "ಇವರು ನಮಗೆ ಇಂಥ ಸಂಬಂಧ" ಅಂತ ಡಾಕ್ಟರ್‌ಗೆ ತಪ್ಪದೆ ಹೇಳಿ.

ಆ ಸೀಸಿಯಂ ಅನ್ನ ತ್ಯಾಜ್ಯದಿಂದ ತೆಗೆಯೋದು ಸುಲಭ ಅಲ್ಲ, ಯಾಕೆಂದರೆ ಆ ದ್ರಾವಣದಲ್ಲಿ ಸೋಡಿಯಂ ಕೂಡ ಇರುತ್ತೆ, ಅದೂ ಬೇಕಾದಷ್ಟು. ಎರಡೂ ಒಂದೇ ಕುಲದವು, ಸ್ವಭಾವ ಒಂದೇ ಥರ. ವ್ಯತ್ಯಾಸ ಗಾತ್ರದ್ದು, ಸೀಸಿಯಂ ದೊಡ್ಡದು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಬಳಸಿದ್ದು ಕ್ಯಾಲಿಕ್ಸ್-ಕ್ರೌನ್ ಅನ್ನೋ ಅಣು. ಬಟ್ಟಲಿನ ಆಕಾರ, ಮೇಲೊಂದು ಉಂಗುರ. ಸೀಸಿಯಂ ಆ ಉಂಗುರದಲ್ಲಿ ಸರಿಯಾಗಿ ಕೂರುತ್ತೆ. ಸೋಡಿಯಂ ಚಿಕ್ಕದು, ನಿಲ್ಲಲ್ಲ. ಬೆರಳಿಗೆ ತಕ್ಕ ಉಂಗುರ, ಅಷ್ಟೇ. ಆಮೇಲೆ ತೊಳೆದು ಸೀಸಿಯಂ ಇಳಿಸಿ, ಗಾಜಿನ ಜೊತೆ ಕರಗಿಸಿ, ಉಕ್ಕಿನ ಕೊಳವೆಯೊಳಗೆ ಪೆನ್ಸಿಲ್ ಥರ ಎರಕ ಹೊಯ್ತಾರೆ. ಆ ಪೆನ್ಸಿಲ್‌ಗಳು ರಕ್ತಕ್ಕೆ ವಿಕಿರಣ ಹಾಯಿಸುವ ಯಂತ್ರಕ್ಕೆ ಹೋಗ್ತವೆ.

ಗಾಜೇ ಯಾಕೆ? ಹೊರದೇಶಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಸೀಸಿಯಂ ಕ್ಲೋರೈಡ್. ಉಪ್ಪಿನಂಥ ಪುಡಿ, ನೀರಲ್ಲಿ ಕರಗುತ್ತೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾ ಊರಲ್ಲಿ, ಬಿಟ್ಟುಹೋದ ಆಸ್ಪತ್ರೆಯೊಂದರಿಂದ ಹಳೇ ಯಂತ್ರದ ಭಾಗವನ್ನ ಇಬ್ಬರು ಗುಜರಿಗೆ ಅಂತ ಎತ್ಕೊಂಡು ಹೋದರು. ಒಡೆದಾಗ ಒಳಗೆ ಕತ್ತಲಲ್ಲಿ ನೀಲಿಯಾಗಿ ಹೊಳೆಯೋ ಪುಡಿ. ಚೆಂದ ಕಂಡಿತು, ನೆಂಟರು ಸ್ನೇಹಿತರಿಗೆ ಹಂಚಿದರು, ಮೈಗೆ ಹಚ್ಕೊಂಡರು. 249 ಜನರಿಗೆ ಅದು ಅಂಟಿತ್ತು. ನಾಲ್ವರು ಸತ್ತರು, ಅದರಲ್ಲಿ ಆರು ವರ್ಷದ ಒಂದು ಹೆಣ್ಣು ಮಗು. ಗಾಜಾದರೆ ಪುಡಿಯ ಹಾಗೆ ಕೈಗೆ ಹತ್ತಲ್ಲ, ನೀರಲ್ಲಿ ಸುಲಭಕ್ಕೆ ಕರಗಲ್ಲ. ಟ್ರಾಂಬೆಯವರ ಕೆಲಸದಲ್ಲಿ ನನಗೆ ನಿಜವಾಗಿ ಹೆಮ್ಮೆ ಅನಿಸೋದು ಪ್ಲುಟೋನಿಯಂ ಅಲ್ಲ, ಈ ಗಾಜಿನ ಪೆನ್ಸಿಲ್.

ಇದೇ ತ್ಯಾಜ್ಯದಿಂದ ಸ್ಟ್ರಾನ್ಷಿಯಂ-90 ತೆಗೆದು, ಅದರಿಂದ ಹುಟ್ಟುವ ಯಿಟ್ರಿಯಂ-90 ಅನ್ನ ಕ್ಯಾನ್ಸರ್ ಚಿಕಿತ್ಸೆಗೆ ಬಳಸ್ತಾರೆ. ರುಥೇನಿಯಂ-106ರ ಸಣ್ಣ ತಗಡುಗಳನ್ನ ಕಣ್ಣಿನ ಕ್ಯಾನ್ಸರ್‌ಗೆ ಮಾಡಿದ್ದಾರೆ. ಬೆಲೆಬಾಳುವ ರೋಡಿಯಂ, ಪಲ್ಲಾಡಿಯಂ ಕೂಡ ಇವೆ, ಕೇಳುಗ ಕೇಳಿದ್ದು ಇವನ್ನೇ ಇರಬೇಕು. ಲ್ಯಾಬ್‌ನಲ್ಲಿ ಬೇರ್ಪಡಿಸಬಹುದು. ಆದರೆ ಪಲ್ಲಾಡಿಯಂ ಜೊತೆ ಅದರದ್ದೇ ವಿಕಿರಣ ಸೂಸುವ ರೂಪ ಬೆರೆತಿರುತ್ತೆ, ಅರ್ಧಾಯುಷ್ಯ 65 ಲಕ್ಷ ವರ್ಷ. ಅದನ್ನ ಕೆಮಿಸ್ಟ್ರಿಯಿಂದ ಬಿಡಿಸೋಕೆ ಆಗಲ್ಲ, ಎರಡೂ ಪಲ್ಲಾಡಿಯಮ್ಮೇ. ಚಿನ್ನಬೆಳ್ಳಿ ಅಂಗಡಿಯವರು ತಗೊಳ್ಳಲ್ಲ.

ಇಷ್ಟೆಲ್ಲ ತೆಗೆದ ಮೇಲೆ ಬಲಗಡೆ ಕಾಲಂನಲ್ಲಿ ಇನ್ನೂ ಏನು ಉಳೀತು? ಸೀಸಿಯಂನ ಬಹುಪಾಲು, ಯಾಕೆಂದರೆ ಆಸ್ಪತ್ರೆಗಳಿಗೆ ಬೇಕಾಗೋದು ಅಷ್ಟಿಲ್ಲ. ಅಮೆರಿಸಿಯಂ-241, ಅರ್ಧಾಯುಷ್ಯ 432 ವರ್ಷ. ಕರಗದ ಸಿಪ್ಪೆ. ವಿಕಿರಣಕ್ಕೆ ಸಿಕ್ಕಿ ಕೆಟ್ಟುಹೋದ ಟಿಬಿಪಿ. ಅದನ್ನ ತೊಳೆದ ಸೋಡಾ ನೀರು. ಮೊದಲು ಇಲ್ಲದೇ ಇದ್ದ ಹೊಸ ಮಾದರಿಯ ತ್ಯಾಜ್ಯಗಳು ಇವು. ಒಂದು ಗಟ್ಟಿ ಕಟ್ಟು ಇದ್ದದ್ದು ಈಗ ಹತ್ತು ಡಬ್ಬ ಆಯ್ತು. ಅತಿ ಅಪಾಯದ ಭಾಗ ಚಿಕ್ಕದಾಯ್ತು ನಿಜ, ಮಾಯ ಆಗಲಿಲ್ಲ. ಅಪಾಯದ ದ್ರವವನ್ನ ಸುಮಾರು 1000 ಡಿಗ್ರಿ ಶಾಖದಲ್ಲಿ ಬೋರೋಸಿಲಿಕೇಟ್ ಗಾಜಿಗೆ ಸೇರಿಸಿ ಉಕ್ಕಿನ ಡಬ್ಬಗಳಲ್ಲಿ ತುಂಬಿ, ಗಾಳಿ ಆಡುವ ನೆಲಮಾಳಿಗೆಯಲ್ಲಿ ದಶಕಗಟ್ಟಲೆ ಇಡ್ತಾರೆ.

ಮುಖ್ಯವಾಗಿ ಬಾಂಬಿನ ಭಯದಿಂದ ಅಮೆರಿಕ 1977ರಿಂದ ವಿದ್ಯುತ್ ಸ್ಥಾವರಗಳ ಇಂಧನವನ್ನ ಹೀಗೆ ಬಿಡಿಸೋದರಿಂದ ಹಿಂದೆ ಸರಿಯಿತು, ಖರ್ಚಿನ ಯೋಚನೆಯೂ ಇತ್ತು. ಥಾರ್ಪ್ 2018ರಲ್ಲಿ ಕೆಲಸ ನಿಲ್ಲಿಸಿತು. ಫ್ರಾನ್ಸ್ ಮುಂದುವರಿಸಿದೆ. ಜಪಾನ್ 1993ರಲ್ಲಿ ರೊಕ್ಕಾಶೋದಲ್ಲಿ ಕಟ್ಟೋಕೆ ಶುರು ಮಾಡಿದ ಕಾರ್ಖಾನೆಯ ಆರಂಭದ ದಿನಾಂಕ ಮುಂದಕ್ಕೆ ಹೋಗ್ತಾನೇ ಇದೆ.

ಆ ಗಾಜಿನ ಡಬ್ಬಗಳು ಕೊನೆಗೆ ಎಲ್ಲಿಗೆ? ಈ ಪ್ರಶ್ನೆ ಒಮ್ಮೆ ಕರ್ನಾಟಕದ ಬಾಗಿಲಿಗೇ ಬಂದಿತ್ತು. 1980ರ ದಶಕದಲ್ಲಿ ಕೆಜಿಎಫ್ ಗಣಿಯ ಬಳಸದ ಒಂದು ಭಾಗದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಬಿಸಿ ತಗುಲಿದರೆ ಬಂಡೆ ಹೇಗೆ ವರ್ತಿಸುತ್ತೆ ಅಂತ ಹೀಟರ್ ಇಟ್ಟು ವರ್ಷಗಟ್ಟಲೆ ಪ್ರಯೋಗ ಮಾಡಿದ್ದರು. ತ್ಯಾಜ್ಯ ಇಟ್ಟಿರಲಿಲ್ಲ, ಶಾಖ ಮಾತ್ರ. 2001ರಲ್ಲಿ ಗಣಿ ಮುಚ್ಚಿತು. 2012ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಕೂಡಂಕುಳಂ ಪ್ರಕರಣ ನಡೀತಿದ್ದಾಗ ಅಲ್ಲಿನ ತ್ಯಾಜ್ಯಕ್ಕೆ ಕೋಲಾರದ ಗಣಿಯ ಹೆಸರು ಕೇಳಿಬಂತು. ಕೋಲಾರದಲ್ಲಿ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಅಂತ ಕೇಂದ್ರ ಸರ್ಕಾರ ಹೇಳಬೇಕಾಯ್ತು. ಚಿನ್ನ ತೆಗೆದವರು ಹೋದರು, ಸೈನೈಡ್ ಮಣ್ಣಿನ ಗುಡ್ಡ ಉಳೀತು, ಈಗ ಇದೂ ಬೇರೆ ಬೇಕಾ ಅನ್ನೋದು ಅವರ ಪ್ರಶ್ನೆ ಆಗಿತ್ತು. ಇವತ್ತಿಗೂ ನಮ್ಮ ದೇಶದಲ್ಲಿ ಆ ಗಾಜನ್ನ ಶಾಶ್ವತವಾಗಿ ಹೂಳೋ ಜಾಗ ಕಟ್ಟಿಲ್ಲ. ಮೊದಲ ತಲೆಮಾರಿನ ಡಬ್ಬಗಳು ತಾರಾಪುರದಲ್ಲಿ ತಣ್ಣಗಾಗ್ತಾ ಇವೆ.

ಮುಂದಿನ ಸಂಚಿಕೆ ಯಾದಗಿರಿ ಜಿಲ್ಲೆಯ ಗೋಗಿ ಬಗ್ಗೆ. ಅಲ್ಲಿ ನೆಲದಡಿ ಯುರೇನಿಯಂ ಇದೆ, ಮೇಲೆ ಊರಿದೆ. ಆ ಕಡೆಯವರು ಯಾರಾದ್ರೂ ಕೇಳ್ತಾ ಇದ್ದರೆ ವಾಯ್ಸ್ ನೋಟ್ ಕಳಿಸಿ, ಎರಡು ನಿಮಿಷದ ಒಳಗೆ ಇರಲಿ.